ಓಣ್ಯಾಗ ಕೇಳ್ತಾರ, ಫೋನಿನ್ಯಾಗ ಯಾರ್ ಕೇಳಬೇಕು?

ಮೆಲ್ಬರ್ನಿಗೆ ಬಂದು ಒಂಬತ್ತು ವರ್ಷಾತು, ಬಾಜೂ ಮನಿಯವರು ಇನ್ನೂ ನಮ್ಮ ಹೆಸರು ಕೇಳಿಲ್ಲ. ಹುಬ್ಬಳ್ಳ್ಯಾಗ ಅಕ್ಕನ ಓಣ್ಯಾಗ ಹಂಗಲ್ಲ, ಹುಡುಗೂರು ಆಡೋ ಕಡೆ ಗುರ್ತಿಲ್ಲದಾಂವ ಎರಡು ನಿಮಿಷ ನಿಂತ್ರ ಸಾಕು, ಮೂರು ಕಟ್ಟಿಯಿಂದ "ಯಾರ್ ಬೇಕಾಗಿತ್ರಿ?" ಅಂತ ಕೇಳ್ತಾರ. ಅದ ಮನಿ ಹುಡುಗಿ ಫೋನಿನ್ಯಾಗ ಯಾರ್ ಬಂದು ಕುಂತಾರ ಅಂತ ಮಾತ್ರ ಯಾರೂ ಕೇಳಂಗಿಲ್ಲ.

ಹೋದ ಸಲ ಊರಿಗೆ ಹೋದಾಗ, ಏಳನೇತ್ತಾ ಓದೋ ಅಕ್ಕನ ಮಗಳು, ಗಿರ್ಮಿಟ್ ಅಂದ್ರ ಜೀವಾ ಬಿಡಾಕಿ, ಪ್ಲೇಟ್ ಮುಂದಿಟ್ರೂ ಫೋನ್ ಬೋರಲ ಹಾಕಿ ಸುಮ್ನ ಕುಂತಿದ್ಲು. ರಾತ್ರಿ ಮಾಳಿಗಿ ಮ್ಯಾಲೆ ಬಾಯಿಬಿಟ್ಲು: "ಮಾಮಾ, ಗೇಮಿನ್ಯಾಗ ಒಬ್ಬಾಕಿ ಅಕ್ಕ ಅದಾಳ, ಯುನಿಫಾರ್ಮ್ ಫೋಟೋ ಕಳಸು ಅಂತಾಳ, ಆದ್ರ ಆಕಿ ಮೈಕ್ ಒಂದಿನಾನೂ ಆನ್ ಮಾಡಿಲ್ಲ. ಅಪ್ಪಗ ಹೇಳಬ್ಯಾಡ, ಫೋನ್ ಕಸಗೋತಾನ." ಅಂದ್ರ ಮೂರು ವಾರ ಈ ಹುಡುಗಿ ಬಾಯಿ ಮುಚ್ಚಿಸಿದ್ದು ಆ "ಅಕ್ಕ" ಅಲ್ಲ, ನಮ್ಮ ಭಾವನ ತಿಜೋರಿ ಕೀಲಿ.

ಅಕ್ಕ ಸಿಟ್ಟಿನ್ಯಾಗ "ಎಲ್ಲಾ ಅಳಸು, ಪೀಡಾ ಹೋಗ್ಲಿ" ಅಂದ್ಲು. ಬ್ಯಾಡ ಅಂದೆ. ಮೊದಲ ಸ್ಕ್ರೀನ್‌ಶಾಟ್, ಐಡಿ ಕಾಣಂಗ, ಆಮ್ಯಾಲೆ ಬ್ಲಾಕ್, ಇಲ್ಲಾಂದ್ರ ಪೊಲೀಸರಿಗೆ ಏನ್ ತೋರಸ್ತೀರಿ? ಕೆಟ್ಟ ಉದ್ದೇಶ ಇಟಗೊಂಡು ಹುಡುಗೂರನ್ನ ಫೋನಿನ್ಯಾಗ ಬೆನ್ನು ಹತ್ತೂದೂ ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಯೋ 2012ರ ಪೋಕ್ಸೋ ಕಾಯ್ದ್ಯಾಗ ಅಪರಾಧನ, ಮಕ್ಕಳ ಸಹಾಯವಾಣಿ 1098ಕ್ಕ ಹಗಲಿ-ರಾತ್ರಿ ಯಾವಾಗ ಬೇಕಾದ್ರೂ ಫೋನ್ ಹಚ್ಚಬಹುದು, ಭಾವಗ ಇವೆರಡೂ ಗೊತ್ತಿರಲಿಲ್ಲ.

ಇಲ್ಲೆ ಆಸ್ಟ್ರೇಲಿಯಾದಾಗ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರಿಗೆ ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್ ಅಕೌಂಟ್ ಬಂದ್. ದಂಡ ಕಂಪನಿಗೆ, 4.95 ಕೋಟಿ ಡಾಲರ್ ತನಕ, ಹುಡುಗಗೂ ಇಲ್ಲ ಅವರಪ್ಪಗೂ ಇಲ್ಲ, ಇದು ನನಗ ಭಾಳ ಸೇರಿತು. ಆದ್ರ ಇದನ್ನ ಕೇಳಿ ಹಿಗ್ಗಬ್ಯಾಡ್ರಿ, ಆನ್‌ಲೈನ್ ಗೇಮ್‌ಗಳನ್ನ ಆ ಕಾಯ್ದೆಯಿಂದ ಹೊರಗಿಟ್ಟಾರ, ಅಂದ್ರ ನಮ್ಮ ಹುಡುಗಿ ಇಲ್ಲೇ ಇದ್ರೂ ಆ ಅಕ್ಕ ಬಂದ ಬರತಿದ್ಲು. ನಾ ಇಲ್ಲೆ ಕಲತದ್ದು ಬ್ಯಾರೆನ: ಹುಡುಗೂರು ಬಂದು ಹೇಳಿದ್ರ ಶಿಕ್ಷಾ ಅಂತ ಫೋನ್ ಕಸಗೋಬಾರದು, ಕಸಗೊಂಡ್ರ ಮುಂದಿನ ಸಲ ಹೇಳೂದ ಇಲ್ಲ.

ಭಾವಗ ಇದನ್ನ ಒಪ್ಪಸೂದ್ರಾಗ ಎರಡು ತಾಸು ಹೋತು. "ಹಂಗಾರ ನಾ ಏನ್ ಮಾಡ್ಲಿ, ಆಕಿ ಸಂಗಾಟ ಗೇಮ್ ಆಡ್ಲ್ಯಾ?" ಅಂತ ಸಿಟ್ಟಿಲೇ ಕೇಳಿದ್ರು. ಆಡ್ರಿ ಅಂದೆ. ಈಗ ದಿನಾ ಊಟ ಆದಮ್ಯಾಲೆ ಪಡಸಾಲ್ಯಾಗ ಕುಂತು ಆಡ್ತಾರಂತ, ದಿನಾ ಸೋಲ್ತಾರಂತ.