ಸತ್ಯ: ಕೊನೆಯ ಎರಡು ನಿಮಿಷ ಮಾತ್ರ ಲಭ್ಯ

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಸುತ್ತಲೂ 5 ಸೆಂಟಿಮೀಟರ್ ಅಗಲದ ಗೆರೆ. ಆ ಗೆರೆ ಅಂಕಣಕ್ಕೆ ಸೇರಿದ್ದಲ್ಲ, ತುಳಿದರೆ ಔಟ್. ಟೆನಿಸ್‌ನಲ್ಲಿ ಗೆರೆ ಮುಟ್ಟಿದ ಚೆಂಡು ಒಳಗೆ, ಫುಟ್‌ಬಾಲ್‌ನಲ್ಲಿ ಪೂರ್ತಿ ದಾಟುವ ತನಕ ಒಳಗೆ. ಇಲ್ಲಿ ಗೆರೆಯೇ ಪರದೇಶ. ಮಕ್ಕಳಿಗೂ ಅರ್ಥವಾಗುವ ಕಾನೂನು ಎಂದು ಯಾರಾದರೂ ಹೇಳಿದರೆ, ಅವರು ನಿಯಮಪುಸ್ತಕವನ್ನು ಇನ್ನೂ ತೆರೆದಿಲ್ಲ ಎಂದು ತಿಳಿಯಬೇಕು.

ಪುಸ್ತಕದ ಪ್ರಕಾರ ಆಟಗಾರ ಎಲ್ಲಿದ್ದಾನೆ ಎಂಬುದಕ್ಕೆ ಅವನ ದೇಹ ಸಾಕ್ಷಿಯಲ್ಲ, ನೆಲ ಸಾಕ್ಷಿ. ಒಳಗಿನಿಂದ ಜಿಗಿದವನು ಗೆರೆ ದಾಟಿ, ಬೆಂಚಿನ ಮೇಲೆ ಕುಳಿತವರ ತಲೆಯ ಮೇಲಿಂದ ಹಾರುತ್ತಿದ್ದರೂ ಎಲ್ಲಿಗೂ ತಾಗುವ ತನಕ ಒಳಗಿನವನೇ. ಚೆಂಡು ಹಿಡಿದು ಒಳಗೇ ನೆಟ್ಟಗೆ ನಿಂತವನ ಬೂಟಿನ ಅಂಚು ಗೆರೆಗೆ ಸೋಕಿದರೆ ಅವನು ಹೊರಗಿನವನು. ರೆಫರಿಗೂ ಒಂದು ಸ್ಥಾನಮಾನ ಕೊಟ್ಟಿದ್ದಾರೆ. ಚೆಂಡು ಅವರಿಗೆ ಬಡಿದರೆ, ಅವರು ನಿಂತ ಜಾಗದ ನೆಲಕ್ಕೆ ಬಡಿದಂತೆ. ಅಂದರೆ ಕಾನೂನಿನ ಕಣ್ಣಿಗೆ ರೆಫರಿ ಎಂದರೆ ನೆಲ. ಪ್ರೇಕ್ಷಕರು ಅವರನ್ನು ನಡೆಸಿಕೊಳ್ಳುವ ಪರಿ ನೋಡಿದರೆ, ಈ ಒಂದು ನಿಯಮವನ್ನಾದರೂ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ ಎನಿಸುತ್ತದೆ.

ಈ ನೆಲ ಮಾಡಬೇಕಾದ ಕೆಲಸವನ್ನಿಷ್ಟು ನೋಡಿ. ಅಂಕಣದ ಮೂಲೆಯಲ್ಲಿ ಮೂರು ಅಂಕದ ಗೆರೆಗೂ ಸೈಡ್‌ಲೈನಿಗೂ ನಡುವೆ ಇರುವುದು 90 ಸೆಂಟಿಮೀಟರ್. ಅಷ್ಟರಲ್ಲಿ ಎರಡು ಮೀಟರ್ ಎತ್ತರದ ಮನುಷ್ಯ, ಅವನ ಎತ್ತರಕ್ಕೆ ತಕ್ಕ ಬೂಟುಗಳೊಂದಿಗೆ ನಿಂತು ಚೆಂಡು ಎಸೆಯುತ್ತಾನೆ. ಮುಂಗಾಲು ಮುಂದಿನ ಗೆರೆ ಮುಟ್ಟಿದರೆ ಮೂರು ಅಂಕ ಎರಡಾಗುತ್ತದೆ. ಹಿಮ್ಮಡಿ ಹಿಂದಿನ ಗೆರೆ ಮುಟ್ಟಿದರೆ ಇದ್ದದ್ದೂ ಹೋಗುತ್ತದೆ. ಹಿಮ್ಮಡಿ ಗೆರೆಯ ಮೇಲೆ ಗಾಳಿಯಲ್ಲಿ ತೇಲುತ್ತಿದ್ದರೆ ತಪ್ಪಿಲ್ಲ, ಕೆಳಗೆ ಕೂತರೆ ತಪ್ಪು. ಆದ್ದರಿಂದ ರೆಫರಿ ಹಿಮ್ಮಡಿಗೂ ಗೆರೆಗೂ ನಡುವಿನ ನೂಲಿನಷ್ಟು ಬೆಳಕನ್ನು ನೋಡಬೇಕು. ಅದೇ ಕ್ಷಣಕ್ಕೆ ತಲೆಯೆತ್ತಿ, ಎದುರಾಳಿಯ ಕೈ ಎಸೆಯುವವನ ಮಣಿಕಟ್ಟಿಗೆ ತಾಗಿತೇ ಎಂದೂ ನೋಡಬೇಕು. ಎರಡನ್ನೂ ಒಟ್ಟಿಗೆ ನೋಡುವ ಕಣ್ಣುಗಳ ಜೋಡಣೆ ಪ್ರಕೃತಿಯಲ್ಲಿ ಇರುವುದು ಗೋಸುಂಬೆಗೆ. ಅದು ರೆಫರಿ ಹುದ್ದೆಗೆ ಅರ್ಜಿ ಹಾಕಿದ ದಾಖಲೆಯಿಲ್ಲ.

ಕಾಲಿನ ಕಥೆ ಇಷ್ಟಾದರೆ ಬೆರಳಿನದು ಇನ್ನೂ ಸೊಗಸು. ಚೆಂಡು ಹೊರಗೆ ಹೋದರೆ, ಕೊನೆಯಲ್ಲಿ ಮುಟ್ಟಿದವನ ಎದುರಾಳಿಗೆ ಅದು ಸಲ್ಲುತ್ತದೆ. ಮುಟ್ಟಿದವನಿಗೆ ತಾನು ಮುಟ್ಟಿದ್ದು ಗೊತ್ತೇ ಇರುತ್ತದೆ. ಆದರೂ ಅಂಕಣದಲ್ಲಿರುವ ಹತ್ತು ಮಂದಿಯೂ ತಮ್ಮ ತಮ್ಮ ದಿಕ್ಕಿಗೆ ಕೈ ತೋರಿಸುತ್ತಾರೆ. ಹೊರಗೆ ಬೀಳುತ್ತಿರುವವನು ಚೆಂಡನ್ನು ಎದುರಾಳಿಯ ಮೊಣಕಾಲಿಗೇ ಗುರಿಯಿಟ್ಟು ಹೊಡೆಯುವುದೂ ಉಂಟು. ಅದು ಜಾಣತನ, ಪುಸ್ತಕದಲ್ಲೂ ತಪ್ಪಲ್ಲ. ಪೆಟ್ಟು ತಿಂದವನು ಚೆಂಡನ್ನೂ ಕಳೆದುಕೊಳ್ಳುತ್ತಾನೆ.

ಇದಕ್ಕೆ ಪರಿಹಾರವಾಗಿ ಕ್ಯಾಮೆರಾ ಬಂತು. ಬರಲಿ, ಸಂತೋಷ. ಆದರೆ ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಪಂದ್ಯ 48 ನಿಮಿಷದ್ದು. ಚೆಂಡನ್ನು ಕೊನೆಗೆ ಯಾರು ಮುಟ್ಟಿದರೆಂದು ರೆಫರಿಗಳು 2021ರ ತನಕ ತಾವಾಗಿ ಪರದೆಗೆ ಮೊರೆ ಹೋಗುತ್ತಿದ್ದುದು ಕೊನೆಯ 2 ನಿಮಿಷಗಳಲ್ಲಿ, ಹೆಚ್ಚುವರಿ ಅವಧಿಯಾದರೆ ಅದರ ಕೊನೆಯ 2 ನಿಮಿಷಗಳಲ್ಲಿ. ಮೊದಲ 46 ನಿಮಿಷ ಕಣ್ಣಿಗೆ ಕಂಡದ್ದೇ ಸತ್ಯವಾಗಿತ್ತು. ಆಗಲೂ ಸತ್ಯ ಬೇಕೇಬೇಕು ಎನ್ನುವ ಕೋಚ್‌ಗಳಿಗಾಗಿ 2019–20ರ ಋತುವಿನಿಂದ ತೀರ್ಪನ್ನು ಪ್ರಶ್ನಿಸುವ ಚಾಲೆಂಜ್ ಎಂಬ ಸೌಲಭ್ಯ ತೆರೆದಿದ್ದಾರೆ. ಅದಕ್ಕೆ ಕೈಯಲ್ಲಿ ಒಂದು ಟೈಮ್‌ಔಟ್, ಅಂದರೆ ತಂಡ ಕೇಳಿ ಪಡೆಯುವ ವಿರಾಮ, ಉಳಿದಿರಬೇಕು. ವಾದ ಬಿದ್ದುಹೋದರೆ ಟೈಮ್‌ಔಟ್ ಜಪ್ತಿ. ಟೈಮ್‌ಔಟ್ ಮುಗಿಸಿಕೊಂಡ ಬಡವನಿಗೆ ನ್ಯಾಯವಿಲ್ಲ.

ಪರದೆಯ ಮುಂದೆ ನಡೆಯುವುದನ್ನು ನೋಡಬೇಕು. ಇಯರ್‌ಫೋನ್ ಸಿಕ್ಕಿಸಿಕೊಂಡ ರೆಫರಿ ಪರದೆಯತ್ತ ಬಾಗುತ್ತಾರೆ. 2014ರಲ್ಲಿ ನ್ಯೂಜೆರ್ಸಿಯ ಸಿಕಾಕಸ್‌ನಲ್ಲಿ ತೆರೆದ ರೀಪ್ಲೇ ಕೇಂದ್ರದ ಮಂದಿ ಅಲ್ಲಿಂದ ಚಿತ್ರ ಕಳಿಸುತ್ತಾರೆ. ರಕ್ಷಣೆಯವನು ಚೆಂಡಿಗೆ ರಪ್ಪನೆ ಹೊಡೆದು ಹೊರಗೆ ಅಟ್ಟಿದ್ದು ಎಲ್ಲರಿಗೂ ಕಂಡಿದೆ. ನಿಧಾನಗತಿಯಲ್ಲಿ ನೋಡಿದರೆ, ಹೊಡೆತ ತಿಂದ ಚೆಂಡು ಹೊರಡುವ ಮುನ್ನ ಹಿಡಿದಿದ್ದವನ ಕಿರುಬೆರಳನ್ನು ಒಂದು ಚಿತ್ರದಷ್ಟು ಹೊತ್ತು ಸವರಿದೆ. ಹೊಡೆದವನಿಗೇ ಚೆಂಡು! ತಲೆಮಾರುಗಳಿಂದ ಮೈದಾನದಲ್ಲಿ ಯಾರೂ ತಪ್ಪೆಂದು ಎಣಿಸದಿದ್ದ ಈ ಅಪರಾಧವನ್ನು ಕ್ಯಾಮೆರಾ ಪತ್ತೆ ಹಚ್ಚಿಲ್ಲ, ಹೊಸದಾಗಿ ಸೃಷ್ಟಿಸಿದೆ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಆದಮೇಲೂ ತಪ್ಪು ಉಳಿದರೆ? ಅದಕ್ಕೂ ವ್ಯವಸ್ಥೆಯಿದೆ. ಬಿಗಿ ಪಂದ್ಯಗಳ ಕೊನೆಯ ಎರಡು ನಿಮಿಷಗಳ ವರದಿಯನ್ನು ಲೀಗ್ 2015ರಿಂದ ಮರುದಿನ ಪ್ರಕಟಿಸುತ್ತಿದೆ. ಇಂತಿಂಥ ತೀರ್ಪು ತಪ್ಪಾಗಿತ್ತು ಎಂದು ಅದರಲ್ಲಿ ನಿಷ್ಠುರವಾಗಿ ಬರೆದಿರುತ್ತದೆ. ಫಲಿತಾಂಶ ಮಾತ್ರ ಬದಲಾಗುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವರು ಬಾಗಿಲು ಹಾಕಿದ್ದಕ್ಕೆ ರಸೀದಿಯನ್ನೂ ಕೊಡುತ್ತಾರೆ.

ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಇನ್ನೂ ಜಾಣ. ಯಾರು ಮುಟ್ಟಿದರೆಂದು ರೆಫರಿಗಳಿಗೆ ಅನುಮಾನವಿದ್ದರೆ, ಮೇಜಿನ ಮೇಲೊಂದು ಬಾಣದ ಗುರುತಿದೆ. ಅದು ತೋರಿಸಿದ ತಂಡಕ್ಕೆ ಚೆಂಡು, ಮುಂದಿನ ಸಲ ಇನ್ನೊಬ್ಬರಿಗೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಬಾಣಕ್ಕೆ ಸಂಬಳವಿಲ್ಲ, ಬೈದರೆ ಬೇಸರವಿಲ್ಲ. ಇಡೀ ಕ್ರೀಡೆಯಲ್ಲಿ ಸಂಕೋಚವಿಲ್ಲದೆ ತೀರ್ಪು ಕೊಡುವುದು ಇದೊಂದೇ.

1891ರಲ್ಲಿ ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಈ ತಕರಾರೇ ಇರಲಿಲ್ಲ. ಹೊರಗೆ ಹೋದ ಚೆಂಡು ಮೊದಲು ಕೈಗೆ ಸಿಕ್ಕವನದ್ದು. ಹಾಗಾಗಿ ಆಟಗಾರರು ಒಬ್ಬರನ್ನೊಬ್ಬರು ತಳ್ಳಿಕೊಂಡು ಗ್ಯಾಲರಿಯ ಮೆಟ್ಟಿಲಿನವರೆಗೂ ಓಡುತ್ತಿದ್ದರಂತೆ. ಆಮೇಲೆ ವೃತ್ತಿಪರರು ಅಂಕಣದ ಸುತ್ತ ತಂತಿಬಲೆಯ ಪಂಜರವನ್ನೇ ಕಟ್ಟಿದರು. ಚೆಂಡು ಹೊರಗೆ ಹೋಗುವ ಮಾತೇ ಇಲ್ಲ. ಮೈಯೆಲ್ಲ ತರಚಿಕೊಂಡರೂ ಯಾರೂ ಪರದೆ ನೋಡಲು ಆಟ ನಿಲ್ಲಿಸಲಿಲ್ಲ.

ಪಂಜರವನ್ನು ವಾಪಸ್ ತರಬೇಕೆಂಬುದು ನನ್ನ ವಿನಮ್ರ ಸಲಹೆ. ಜಾಹೀರಾತು ಕಟ್ಟಲು ಜಾಗವೂ ಸಿಗುತ್ತದೆ. ಅದು ಜಾರಿಯಾದ ವಾರವೇ ನಿಯಮ ಸಮಿತಿ ತುರ್ತು ಸಭೆ ಸೇರುತ್ತದೆ: ಜಾಲರಿಯ ಕಿಂಡಿಯಿಂದ ಆಟಗಾರನ ಕಿರುಬೆರಳು ಹೊರಗೆ ಇಣುಕಿದರೆ ಅವನು ಔಟೇ, ಅಥವಾ ಮೊದಲ 46 ನಿಮಿಷಗಳಲ್ಲಿ ಅದನ್ನು ನೋಡಿಯೂ ನೋಡದಂತಿರಬಹುದೇ?