ಮಾರ್ಕ್ಸ್ ಎಷ್ಟು ಮೇಡಂ?

ಆನ್‌ಲೈನ್ ಟೀಚರ್‌ಗೆ ಪಾಠ ಮಾಡುವುದು ಕಷ್ಟವಲ್ಲ, ಪಾಠ ಮುಗಿದ ಮೇಲೆ ಬದುಕುವುದು ಕಷ್ಟ. ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿ, ಮೈಕ್ ಮ್ಯೂಟ್ ಮಾಡಿ, "ಅರ್ಥ ಆಯ್ತಾ?" ಎಂದರೆ ಪಿಟಕ್ ಎನ್ನದ ಮಕ್ಕಳು, ನಾನು ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಬಾಯಿ ಬಿಡುತ್ತಾರೆ. ಇಮೇಲಿನಲ್ಲೊಂದು ಪ್ರಶ್ನೆ, ವಾಟ್ಸಾಪಿನಲ್ಲಿ ಅದೇ ಪ್ರಶ್ನೆ, ಗೂಗಲ್ ಕ್ಲಾಸ್‌ರೂಮಿನ ಪ್ರೈವೇಟ್ ಕಾಮೆಂಟಿನಲ್ಲಿ "ಮೇಲ್ ನೋಡಿದ್ರಾ ಮೇಡಂ?" ಹೊತ್ತು ನಡುರಾತ್ರಿ. ಇಮೇಲಿನ ಸಬ್ಜೆಕ್ಟು: "ಹಾಯ್".

ಇದಕ್ಕೊಂದು ಶಿಸ್ತು ಬರಲಿ ಎಂದು ಜಿಮೇಲಿನಲ್ಲಿ ಫಿಲ್ಟರ್ ಹಾಕಿದೆ. ಸಬ್ಜೆಕ್ಟಿನಲ್ಲಿ ಕೋರ್ಸ್ ಕೋಡ್ ಇದ್ದರೆ ಸಾಕು, ಮೇಲ್ ತಾನೇ ಲೇಬಲ್ ಅಂಟಿಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. "ಸಬ್ಜೆಕ್ಟಿನಲ್ಲಿ ಕೋರ್ಸ್ ಕೋಡ್, ನಿಮ್ಮ ಹೆಸರು, ಅಸೈನ್‌ಮೆಂಟ್ ನಂಬರ್ ಬರೆಯಿರಿ" ಎಂದು ಎಲ್ಲರಿಗೂ ಕಳಿಸಿದೆ. ಮರುದಿನ ಒಬ್ಬನ ಮೇಲ್ ಬಂತು. ಸಬ್ಜೆಕ್ಟಿನಲ್ಲಿ "ಕೋರ್ಸ್ ಕೋಡ್, ನಿಮ್ಮ ಹೆಸರು, ಅಸೈನ್‌ಮೆಂಟ್ ನಂಬರ್" ಎಂದೇ ಇತ್ತು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹುಡುಗ, ಬೈಯುವುದಾದರೂ ಹೇಗೆ? ಇನ್ನೊಬ್ಬಳು ಹಳೆಯ ರಜಾ ಅರ್ಜಿಗೇ ರಿಪ್ಲೈ ಒತ್ತಿ ಪ್ರಾಜೆಕ್ಟ್ ಕಳಿಸಿದ್ದಳು. ಅವಳ ಪ್ರಾಜೆಕ್ಟ್ ನನ್ನ ದಾಖಲೆಯಲ್ಲಿ ಇಂದಿಗೂ "ಜ್ವರ".

ಮಕ್ಕಳನ್ನು ತಿದ್ದುವ ಬದಲು ವಿಳಾಸವನ್ನೇ ತಿದ್ದುವುದು ವಾಸಿ. ಜಿಮೇಲ್ ವಿಳಾಸದಲ್ಲಿ ಅಟ್ ಚಿಹ್ನೆಗೆ ಮೊದಲು ಪ್ಲಸ್ ಹಾಕಿ ಏನೇ ಸೇರಿಸಿದರೂ ಪತ್ರ ಅದೇ ಇನ್‌ಬಾಕ್ಸಿಗೆ ಬರುತ್ತದೆ. ಕೋರ್ಸಿಗೊಂದು ಪ್ಲಸ್ ವಿಳಾಸ ಕೊಟ್ಟೆ, ಫಿಲ್ಟರ್ ಅದನ್ನೇ ಹಿಡಿಯುತ್ತದೆ. "ಪ್ಲಸ್ ಹಾಕಿದ್ರೆ ಎಕ್ಸ್‌ಟ್ರಾ ಮಾರ್ಕ್ಸ್ ಇದೆಯಾ ಮೇಡಂ?" ಎಂದು ಒಬ್ಬ ಕೇಳಿದ್ದು ಬಿಟ್ಟರೆ ವ್ಯವಸ್ಥೆ ಸುಸೂತ್ರವಾಗಿದೆ.

ಇನ್ನು ಗೂಗಲ್ ಡ್ರೈವ್ ಲಿಂಕಿನ ಕರಾಮತ್ತು. ಗಡುವು ಮುಗಿಯಲು ನಿಮಿಷವಿರುವಾಗ ಲಿಂಕ್ ಬರುತ್ತದೆ. ಒತ್ತಿದರೆ "ಅನುಮತಿ ಕೇಳಿ" ಎನ್ನುತ್ತದೆ. ಕೇಳುತ್ತೇನೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಾಗಿಲು ತೆರೆಯುತ್ತದೆ, ಜೊತೆಗೆ "ನಾನು ಟೈಮಿಗೇ ಸಬ್ಮಿಟ್ ಮಾಡಿದ್ದೆ ಮೇಡಂ" ಎಂಬ ಸಾತ್ವಿಕ ಸಾಲು. ಯಾವಾಗ ಏನು ಬರೆದರೆಂದು ತೋರಿಸುವ ವರ್ಷನ್ ಹಿಸ್ಟರಿ ತೆಗೆದು ನೋಡಿದರೆ ಮೊದಲ ಅಕ್ಷರ ಟೈಪಾದದ್ದು ನಿನ್ನೆ ರಾತ್ರಿ. ಇದನ್ನು ನಾನು ಸೋಮಾರಿತನ ಎನ್ನುವುದಿಲ್ಲ. ಇಷ್ಟು ಮುಂದಾಲೋಚನೆ ಉತ್ತರದಲ್ಲೂ ಇದ್ದಿದ್ದರೆ ರ‍್ಯಾಂಕೇ ಬರುತ್ತಿತ್ತು.

ಇದೆಲ್ಲ ಸಹಿಸಬಹುದು. ಹೊಟ್ಟೆ ಉರಿಯುವುದು ಫೀಡ್‌ಬ್ಯಾಕ್ ವಿಚಾರದಲ್ಲಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, "ಎರಡನೇ ಪ್ಯಾರಾದ ವಾದಕ್ಕೆ ಆಧಾರ ಕೊಟ್ಟಿಲ್ಲ, ಮೂರನೆಯದು ಅದನ್ನೇ ಅಲ್ಲಗಳೆಯುತ್ತದೆ" ಎಂದು ವಿವರವಾಗಿ ಬರೆದರೆ, ಅವರು ನೋಡುವುದು ಮೂಲೆಯ ಅಂಕಿಯನ್ನು ಮಾತ್ರ. ರೂತ್ ಬಟ್ಲರ್ ಎಂಬ ಸಂಶೋಧಕಿ ಇದನ್ನು 1988ರಲ್ಲೇ ತೋರಿಸಿಕೊಟ್ಟಿದ್ದಾರೆ: ಬರೀ ಟಿಪ್ಪಣಿ ಪಡೆದ ಮಕ್ಕಳು ಸುಧಾರಿಸಿದರು, ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಟಿಪ್ಪಣಿಯಿಂದ ಆ ಲಾಭ ಸಿಗಲಿಲ್ಲ. ಆಗಿನ್ನೂ ವಾಟ್ಸಾಪ್ ಇರಲಿಲ್ಲ, ಆದ್ದರಿಂದ "ಅವಳಿಗೆ ಎಷ್ಟು?" ಎಂದು ಕೇಳಲು ಕಾಗದದ ಚೂರು ದಾಟಿಸಬೇಕಿತ್ತು ಅಷ್ಟೇ.

ಶ್ರಮ ಉಳಿಸಲೆಂದು ಕ್ಲಾಸ್‌ರೂಮಿನ ಕಾಮೆಂಟ್ ಬ್ಯಾಂಕಿನಲ್ಲಿ ಸಿದ್ಧ ವಾಕ್ಯಗಳನ್ನೂ ಇಟ್ಟೆ. ಟಿಪ್ಪಣಿ ಓದದ ಮಕ್ಕಳು ಇದನ್ನು ಮಾತ್ರ ಅದು ಹೇಗೋ ಪತ್ತೆ ಹಚ್ಚಿದರು. "ನನಗೂ ಅವನಿಗೂ ಒಂದೇ ಕಾಮೆಂಟ್ ಮೇಡಂ!" ಹೌದಪ್ಪ, ಇಬ್ಬರ ಉತ್ತರವೂ ಒಂದೇ ಇತ್ತಲ್ಲ.

ಈಗ ಹೊಸ ವರಸೆ. ಟಿಪ್ಪಣಿ ಮೊದಲು ಹೋಗುತ್ತದೆ, ಅಂಕ ಡ್ರಾಫ್ಟಿನಲ್ಲೇ ಇರುತ್ತದೆ. ರಿಟರ್ನ್ ಒತ್ತುವ ತನಕ ಅವರಿಗದು ಕಾಣದು. ಟಿಪ್ಪಣಿ ಓದಿ ಏನು ತಿದ್ದುತ್ತೀರೆಂದು ಎರಡು ಸಾಲು ಬರೆದವರಿಗಷ್ಟೇ ರಿಟರ್ನ್. ಮೊದಲ ವಾರ "ಓಕೆ ಮೇಡಂ, ಮಾರ್ಕ್ಸ್ ಎಷ್ಟು?" ಎಂಬ ಸಾಲುಗಳ ಸುರಿಮಳೆ. ಆಮೇಲೆ ಒಬ್ಬಳು ನಿಜಕ್ಕೂ ಓದಿದಳು. ನನ್ನ ಟಿಪ್ಪಣಿಯನ್ನು ಒಂದೊಂದು ಸಾಲಾಗಿ ಎತ್ತಿಕೊಂಡು, ಎರಡನೇ ಪ್ಯಾರಾಕ್ಕೆ ಆಧಾರ ಅಡಿಟಿಪ್ಪಣಿಯಲ್ಲಿದೆ ಎಂದು ಪುಟದ ಸಮೇತ ತೋರಿಸಿ, ಉದ್ದುದ್ದ ವಾದ ಹೂಡಿದ್ದಳು. ನೋಡಿದೆ, ಆಧಾರ ಇತ್ತು. ಖುಷಿಯಿಂದ ಓದುತ್ತಾ ಕೊನೆಯ ಸಾಲಿಗೆ ಬಂದೆ:

"ಈ ರಿಪ್ಲೈಗೆ ಎಷ್ಟು ಮಾರ್ಕ್ಸ್ ಮೇಡಂ?"