ಅಂಗೈಯಗಲದ ಎಂಜಿನ್ನಿಗೆ 43 ಆಂಪಿಯರ್

ಮಾದರಿ ರೈಲಿಗೆ ಡಿಸಿಸಿ, ಅಂದರೆ ಹಳಿಯ ಮೂಲಕವೇ ಒಂದೊಂದು ಎಂಜಿನ್ನಿಗೂ ಬೇರೆ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ಕಂಟ್ರೋಲ್, ಮನೆಯಲ್ಲೇ ಕಟ್ಟಿಕೊಳ್ಳಲು ಹೊರಟವರಲ್ಲಿ ಎರಡು ಪಂಗಡ. ಹಳಿಗೆ ಕರೆಂಟ್ ಕೊಡಲು ಕೈಗೆ ಸಿಕ್ಕ ಕೆಂಪು ಮೋಟಾರ್ ಡ್ರೈವರ್ ಬೋರ್ಡು, ಅಂದರೆ ಎಲ್298ಎನ್ ತಂದು ಇಷ್ಟೇ ಸಾಕು ಅನ್ನುವವರು ಒಂದು ಕಡೆ. ಅದೇ ಕೆಲಸದ ಐಬಿಟಿ-2 ಬೋರ್ಡಿನ ವಿವರದಲ್ಲಿ ‘43 ಆಂಪಿಯರ್’ ಅಂತ ಓದಿದ ಕೂಡಲೇ ಕಾರ್ಟಿಗೆ ಹಾಕಿ, ಮೇಲೊಂದು ಸ್ಪೇರ್ ಕೂಡ ಇರಲಿ ಅನ್ನುವವರು ಇನ್ನೊಂದು ಕಡೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡೂ ಪಂಗಡಕ್ಕೆ ಬೇಕಾದ್ದು ಸಿಗುತ್ತದೆ. ಯಾವುದಕ್ಕೆ ಅಂತ ಅಂಗಡಿಯವರು ಕೇಳುವುದಿಲ್ಲ. ‘ಹಳಿಗೆ’ ಅಂದರೆ ಮುಖ ನೋಡುತ್ತಾರೆ ಅಷ್ಟೆ.

ಎಚ್‌ಒ ಸ್ಕೇಲಿನ, ಅಂದರೆ ನಿಜ ರೈಲಿನ 87ರಲ್ಲಿ ಒಂದು ಪಾಲಿನ, ಇವತ್ತಿನ ಎಂಜಿನ್ ಓಡುವಾಗ ಎಳೆಯುವುದು ಕಾಲರಿಂದ ಅರ್ಧ ಆಂಪಿಯರ್. ಇನ್ನೂ ಚಿಕ್ಕದಾದ ಎನ್ ಸ್ಕೇಲಿನದು ಅದಕ್ಕೂ ಕಮ್ಮಿ. ನಾಲ್ಕು ಎಂಜಿನ್ ಒಟ್ಟಿಗೆ ಓಡಿಸಿದರೂ 2 ಆಂಪಿಯರಿಗೆ ಮುಗಿಯಿತು, ಇನ್ನು ಮೇಜಿನ ಮೇಲೆ ಜಾಗವೂ ಮುಗಿದಿರುತ್ತದೆ. ಹಾಗಾದರೆ 43 ಯಾಕೆ? 15 ವೋಲ್ಟಿನಲ್ಲಿ 43 ಆಂಪಿಯರ್ ಅಂದರೆ 645 ವ್ಯಾಟ್; ಮನೆಯ ಇಸ್ತ್ರಿಪೆಟ್ಟಿಗೆ 750. ಹಳಿ ತಪ್ಪಿದ ಗಾಡಿಯ ಚಕ್ರ ಎರಡೂ ಹಳಿಗೆ ಅಡ್ಡ ಬಿದ್ದಾಗ ಅಷ್ಟೂ ಶಕ್ತಿ ಹೋಗುವುದು ಆ ಚಕ್ರದ ಮೂಲಕವೇ. ಪುಣ್ಯಕ್ಕೆ ಇಂಥ ಬೋರ್ಡಿನ ಹಿಂದೆ ಸಾಮಾನ್ಯವಾಗಿ ಇರುವುದು ಹಳೇ ಲ್ಯಾಪ್‌ಟಾಪಿನ ಅಡಾಪ್ಟರ್, ಮೂರು ಚಿಲ್ಲರೆ ಆಂಪಿಯರಿನದು. ಅದು ಹಳಿಯನ್ನು ಕರಗಿಸಲಾರದು. ಬೋಗಿಯ ಪ್ಲಾಸ್ಟಿಕ್ಕನ್ನು ಮಾತ್ರ ಚೆನ್ನಾಗಿ ಕರಗಿಸುತ್ತದೆ.

ಬೋರ್ಡು ಆರಿಸುವಾಗ ನೋಡಬೇಕಾದ್ದು ಎಷ್ಟು ಕರೆಂಟ್ ಕೊಡುತ್ತದೆ ಅನ್ನುವುದನ್ನಲ್ಲ, ಎಷ್ಟು ಕೊಡುತ್ತಿದ್ದೇನೆ ಅಂತ ಅದಕ್ಕೆ ಗೊತ್ತಾಗುತ್ತದೆಯೇ ಅನ್ನುವುದನ್ನು. ಡಿಸಿಸಿಯಲ್ಲಿ ಹಳಿಯ ಮೇಲೆ ಸದಾ ಪೂರ್ತಿ ವೋಲ್ಟೇಜ್ ಇರುತ್ತದೆ. ಅದರ ಪ್ಲಸ್ ಮೈನಸ್ ಪಟಪಟನೆ ಅದಲು ಬದಲಾಗುತ್ತಿರುತ್ತದೆ: ಅರ್ಧ ಸುತ್ತು 58 ಮೈಕ್ರೋಸೆಕೆಂಡ್ ಇದ್ದರೆ ಒಂದು, 100 ಅಥವಾ ಹೆಚ್ಚಿದ್ದರೆ ಸೊನ್ನೆ. ಎಂಜಿನ್ನಿನೊಳಗಿನ ಡಿಕೋಡರ್ ಇದನ್ನು ಓದಿಕೊಂಡು, ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಮಾಡಿದ ಕೆಲಸಕ್ಕೆ ರಸೀದಿ ಕೊಡುವುದು ಸಾಮಾನ್ಯವಾಗಿ ಪ್ರೋಗ್ರಾಮಿಂಗ್ ಹಳಿಯ ಮೇಲೆ ಮಾತ್ರ, ಅಂದರೆ ಡಿಕೋಡರಿನ ವಿಳಾಸ, ಸೆಟ್ಟಿಂಗ್ ಬರೆಯಲು ಬೇರೆಯಾಗಿಟ್ಟ ಹಳಿಯ ತುಂಡಿನ ಮೇಲೆ. ಅಲ್ಲಿ 6 ಮಿಲಿಸೆಕೆಂಡ್ ಹೊತ್ತು ಕನಿಷ್ಠ 60 ಮಿಲಿಆಂಪಿಯರ್ ಹೆಚ್ಚಿಗೆ ಎಳೆದು ‘ಹೂಂ’ ಅನ್ನುತ್ತದೆ. ಆ ಹೂಂಗುಟ್ಟುವಿಕೆ ಕೇಳಿಸಬೇಕಲ್ಲ?

ಸಂಕೇತ ತಯಾರಿಸುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೋ; ಅದರ ತಲೆಯ ಮೇಲೆ ಕೂರುವ ಡ್ರೈವರ್ ಬೋರ್ಡು ಶೀಲ್ಡ್. ಆರ್ಡುಯಿನೋ ಮೋಟಾರ್ ಶೀಲ್ಡ್ ಆರ್3 ಒಂದು ಆಂಪಿಯರಿಗೆ 1.65 ವೋಲ್ಟ್ ತೋರಿಸುತ್ತದೆ. 60 ಮಿಲಿಆಂಪಿಯರಿಗೆ 99 ಮಿಲಿವೋಲ್ಟ್. ಆರ್ಡುಯಿನೋ ಮೆಗಾದ ಎಡಿಸಿಯಲ್ಲಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗದಲ್ಲಿ, ಸುಮಾರು 20 ಮೆಟ್ಟಿಲು. ಸಲೀಸಾಗಿ ಗೊತ್ತಾಗುತ್ತದೆ. ಐಬಿಟಿ-2ರ ಚಿಪ್ಪು ಅಳತೆಗಾಗಿ ಹೊರಗೆ ಬಿಡುವುದು ನಿಜ ಕರೆಂಟಿನ ಸುಮಾರು 8500ರಲ್ಲಿ ಒಂದು ಪಾಲು. ಅದಕ್ಕೆ 1 ಕಿಲೋ ಓಮ್ ರೆಸಿಸ್ಟರ್ ಕೊಟ್ಟರೆ ಅದೇ ಹೂಂ 7 ಮಿಲಿವೋಲ್ಟ್ ಆಗುತ್ತದೆ. ಒಂದೋ ಎರಡೋ ಮೆಟ್ಟಿಲು, ಅದೂ ಗದ್ದಲದ ನಡುವೆ. ಆಮೇಲೆ ‘ಡಿಕೋಡರ್ ಸತ್ತಿದೆ’ ಅಂತ ಘೋಷಣೆಯಾಗುತ್ತದೆ, ಹೊಸ ಡಿಕೋಡರ್ ಬರುತ್ತದೆ, ಅದೂ ‘ಸತ್ತೇ’ ಬರುತ್ತದೆ. ಕೆಂಪು ಎಲ್298ಎನ್ ಕಥೆ ಇನ್ನೂ ಸರಳ. ಅದರ ಸೆನ್ಸ್ ಕಾಲುಗಳನ್ನು, ಅಂದರೆ ಕರೆಂಟ್ ಅಳೆಯುವ ಕಾಲುಗಳನ್ನು, ಸೀದಾ ಗ್ರೌಂಡಿಗೆ ಸೇರಿಸಿಬಿಟ್ಟಿರುತ್ತಾರೆ. ಶಾರ್ಟ್ ಆದರೂ ಅದಕ್ಕೆ ಗೊತ್ತಿಲ್ಲ, ಆರ್ಡುಯಿನೋಗೂ ಗೊತ್ತಿಲ್ಲ. ಮೊದಲು ಗೊತ್ತಾಗುವುದು ಮೂಗಿಗೆ.

ಎಲ್298ರದ್ದು ಇನ್ನೊಂದು ಚಟ. 1 ಆಂಪಿಯರ್ ಹರಿಸುವಾಗ ಎರಡು ವೋಲ್ಟಿನಷ್ಟನ್ನು ತಾನೇ ನುಂಗುತ್ತದೆ, 2 ಆಂಪಿಯರಿಗೆ ಇನ್ನೂ ಜಾಸ್ತಿ. ಆರ್3 ಶೀಲ್ಡಿನಲ್ಲೂ ಇರುವುದು ಇದೇ ಜಾತಿಯ ಚಿಪ್ಪು. ಹಳಿಯಲ್ಲಿ 12 ವೋಲ್ಟ್ ಬೇಕಾದರೆ 14 ಕೊಡಬೇಕು. ಮೊದಲ ಬೋರ್ಡಾಗಿ ಆರ್3 ಸಾಕು. ದೊಡ್ಡ ಲೇಔಟಿಗೆ ಡಿಆರ್‌ವಿ8874 ಚಿಪ್ಪಿನ ಶೀಲ್ಡು ವಾಸಿ: ನುಂಗುವುದು ಕಡಿಮೆ, ಅಳತೆ ಸರಿ. ಎಲ್293ಡಿ ಶೀಲ್ಡನ್ನು ಮಾತ್ರ ಅಗ್ಗ ಅಂತ ತರಬೇಡಿ. 0.6 ಆಂಪಿಯರ್, ಸೆನ್ಸ್ ಇಲ್ಲ. ಸಾಲದ್ದಕ್ಕೆ ದಿಕ್ಕಿನ ಸಂಕೇತ ಶಿಫ್ಟ್ ರಿಜಿಸ್ಟರ್ ಅನ್ನುವ ಇನ್ನೊಂದು ಚಿಪ್ಪನ್ನು ಸುತ್ತಿ ಬರಬೇಕು.

ಇನ್ನು ವೈರಿಂಗ್. ಆರ್3 ಶೀಲ್ಡಿನ ಬೆನ್ನ ಮೇಲೆ ‘ವಿನ್ ಕನೆಕ್ಟ್’ ಅನ್ನುವ ಸಣ್ಣ ಜಂಪರ್ ಇದೆ. ಶೀಲ್ಡಿಗೆ ಕೊಟ್ಟ ವೋಲ್ಟೇಜನ್ನು ಕೆಳಗಿನ ಆರ್ಡುಯಿನೋಗೂ ಪ್ರಸಾದದ ಹಾಗೆ ಹಂಚುವುದು ಇದೇ. 9 ವೋಲ್ಟ್ ದಾಟುವುದಾದರೆ ಅದನ್ನು ಕತ್ತರಿಸಿ ಅಂತ ಬರೆದೇ ಇದೆ; ಓದುವುದು ಹೊಗೆ ಬಂದ ಮೇಲೆ. ಕತ್ತರಿಸಲು ಧೈರ್ಯ ಸಾಲದಿದ್ದರೆ ಶೀಲ್ಡಿನ ವಿನ್ ಕಾಲನ್ನು ಹೊರಗೆ ಬಗ್ಗಿಸಿ, ಸಾಕೆಟ್ಟಿಗೆ ಸೇರದ ಹಾಗೆ ಕೂರಿಸಿ. ಆರ್ಡುಯಿನೋಗೆ ಬೇರೆ 7-9 ವೋಲ್ಟಿನ ಅಡಾಪ್ಟರ್ ಕೊಡಿ. ಶೀಲ್ಡಿನ ಸ್ಕ್ರೂ ಟರ್ಮಿನಲ್ಲಿಗೆ 18 ವೋಲ್ಟೇ ಕೊನೆಯ ಗಡಿ, ಲ್ಯಾಪ್‌ಟಾಪ್ ಅಡಾಪ್ಟರ್ 19. ‘ಒಂದು ವೋಲ್ಟ್ ತಾನೇ’ ಅನ್ನುವ ವಾದವನ್ನು ಬೋರ್ಡು ಕೇಳಿಸಿಕೊಳ್ಳುವುದಿಲ್ಲ. ಬಿಡಿ ಮಾಡ್ಯೂಲ್ ಬಳಸುವವರು ಆರ್ಡುಯಿನೋದ ಗ್ರೌಂಡನ್ನು ಮಾಡ್ಯೂಲಿನ ಗ್ರೌಂಡಿಗೆ ಸೇರಿಸಲೇಬೇಕು. ಅದು ಬಿಟ್ಟುಹೋದರೆ ಎಂಜಿನ್ ಒಮ್ಮೆ ಮಾತು ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ, ಮತ್ತು ಯಾರಿಗಾದರೂ ತೋರಿಸಲು ಕರೆದಾಗ ಖಂಡಿತ ಕೇಳುವುದಿಲ್ಲ.

ಹಳಿಯ ಕೆಳಗೆ 1.5 ಚದರ ಮಿ.ಮೀ.ನ ಕೆಂಪು-ಕಪ್ಪು ಮನೆ ವೈರಿಂಗ್ ತಂತಿ ಎಳೆದು, ಮೀಟರಿಗೊಂದು ಜೊತೆಯಂತೆ ಅದರಿಂದ ಹಳಿಗೆ 0.5ರ ಫೀಡರ್ ತಂತಿ ಬೆಸುಗೆ ಹಾಕಿ. ಹತ್ತು ಜೊತೆಯಲ್ಲಿ ಒಂದು ಉಲ್ಟಾ ಆದರೂ ಇಡೀ ಲೇಔಟ್ ಶಾರ್ಟ್. ಆದ್ದರಿಂದ ಒಂದೊಂದು ಜೊತೆ ಸೇರಿಸಿದಾಗಲೂ ಮಲ್ಟಿಮೀಟರ್ ಬೀಪ್ ಅನ್ನುತ್ತದೆಯೇ ನೋಡಿ. ಹತ್ತೂ ಸೇರಿಸಿ ಆಮೇಲೆ ನೋಡುವವರು ಮೇಜಿನ ಕೆಳಗೇ ಊಟ ತರಿಸಿಕೊಳ್ಳಬೇಕಾಗುತ್ತದೆ. ಮುಗಿದ ಮೇಲೆ 5 ರೂಪಾಯಿ ನಾಣ್ಯವನ್ನು ಹಳಿಗೆ ಅಡ್ಡ ಇಡಿ. ಎಚ್‌ಒ ಹಳಿಯ ಅಂತರ 16.5 ಮಿ.ಮೀ., ನಾಣ್ಯ ಆರಾಮಾಗಿ ಮುಟ್ಟುತ್ತದೆ. ಲೇಔಟಿನ ಯಾವ ಮೂಲೆಯಲ್ಲಿ ಇಟ್ಟರೂ ತಕ್ಷಣ ಕರೆಂಟ್ ಕಡಿಯಬೇಕು. ನಾಣ್ಯ ಬಿಸಿಯಾಗಲು ಶುರುವಾದರೆ ಆ ಮೂಲೆಗೆ ಫೀಡರ್ ಸಾಲದು, ಅಥವಾ ಸಾಫ್ಟ್‌ವೇರಿನಲ್ಲಿ ಬರೆದ ಸೆನ್ಸ್ ಅಂಕಿ ಬೇರೆ ಯಾವುದೋ ಬೋರ್ಡಿನದು. ಆ ಅಂಕಿ ಆರ್3ಗೆ ಎಡಿಸಿ ಮೆಟ್ಟಿಲಿಗೆ ಸುಮಾರು 3 ಮಿಲಿಆಂಪಿಯರ್. ಬೇರೆ ಶೀಲ್ಡಿಗೆ ಬೇರೆ.

ಮಲ್ಟಿಮೀಟರನ್ನು ಡಿಸಿ ರೇಂಜಿನಲ್ಲಿ ಹಳಿಗೆ ಹಿಡಿದರೆ ಹೆಚ್ಚುಕಮ್ಮಿ ಸೊನ್ನೆ ಬರುತ್ತದೆ. ಗಾಬರಿ ಬೇಡ, ಪ್ಲಸ್ಸು ಮೈನಸ್ಸು ಸಮ ಸಮ ಆಗಿ ಸರಾಸರಿ ಸೊನ್ನೆಯಾಗಿದೆ ಅಷ್ಟೆ. ಗಾಬರಿ ಬೀಳಬೇಕಾದ್ದು ಅಲ್ಲಿ 12 ಕಂಡಾಗ. ಸಂಕೇತ ನಿಂತು ಬರೀ ಡಿಸಿ ಹೋಗುತ್ತಿದೆ ಅಂತ ಅದರರ್ಥ. ಹಳೇ ಡಿಸಿ ಲೇಔಟಿನಲ್ಲೂ ಓಡಲಿ ಅಂತ ಡಿಕೋಡರುಗಳಿಗೆ ಒಂದು ಸೌಲಭ್ಯ ಕೊಟ್ಟಿರುತ್ತಾರೆ. ಅದರ ಕೃಪೆಯಿಂದ ಎಂಜಿನ್ ಪೂರ್ತಿ ವೇಗದಲ್ಲಿ ಹೊರಟು ಮೇಜಿನ ಅಂಚಿನವರೆಗೂ, ಅಲ್ಲಿಂದ ನೆಲದವರೆಗೂ ಪ್ರಯಾಣ ಮುಗಿಸುತ್ತದೆ. ಆ ಸೌಲಭ್ಯ ಮುಚ್ಚಲು, ಡಿಕೋಡರಿನ ಸಿವಿ29 ಅನ್ನುವ ಸೆಟ್ಟಿಂಗಿನಲ್ಲಿ 6 ಇದ್ದರೆ 2 ಬರೆಯಿರಿ. ಬೇರೆ ಅಂಕಿಯಿದ್ದು ಡಿಸಿ ಸೌಲಭ್ಯ ತೆರೆದಿದ್ದರೆ ಅದರಿಂದ 4 ಕಳೆಯಿರಿ.

ಶೀಲ್ಡಿನ ಎ ಔಟ್‌ಪುಟ್ ಮುಖ್ಯ ಹಳಿಗೆ, ಬಿ ಪ್ರೋಗ್ರಾಮಿಂಗ್ ಹಳಿಗೆ. ಎರಡರ ನಡುವೆ ಎರಡೂ ಹಳಿಯನ್ನು ಕತ್ತರಿಸಿರಬೇಕು. ಇವನ್ನು ಅದಲು ಬದಲು ಜೋಡಿಸಿದರೆ ಸಿಗುವ ಫಲ ಅಪರೂಪದ್ದು. ಪ್ರೋಗ್ರಾಮಿಂಗ್ ಆಜ್ಞೆಗೆ ವಿಳಾಸ ಬೇಕಿಲ್ಲ, ಹಳಿಯ ಮೇಲಿರುವ ಪ್ರತಿ ಎಂಜಿನ್ನೂ ತನಗೇ ಅಂದುಕೊಳ್ಳುತ್ತದೆ. ಒಂದಕ್ಕೆ 27 ಅಂತ ವಿಳಾಸ ಕೊಟ್ಟರೆ ಲೇಔಟಿನಲ್ಲಿ ನಿಂತಿದ್ದ ಅಷ್ಟೂ 27 ಆಗಿ, ತಂತಿ ಸರಿಮಾಡಿ ಥ್ರಾಟಲ್ ತಿರುಗಿಸಿದಾಗ ಶಂಟರ್, ಗೂಡ್ಸ್, ಎಕ್ಸ್‌ಪ್ರೆಸ್ ಎಲ್ಲವೂ ಏಕಮತದಿಂದ ಹೊರಡುತ್ತವೆ. ಆಗ ಉಳಿಯುವ ದಾರಿ ಒಂದೇ: ಎಲ್ಲವನ್ನೂ ಎತ್ತಿ ಪಕ್ಕಕ್ಕಿಟ್ಟು, ಒಂದೊಂದನ್ನೇ ಬಿ ಹಳಿಗೆ ತಂದು ಹೊಸ ವಿಳಾಸ ಬರೆದು, ಹೊಟ್ಟೆಯ ಕೆಳಗೆ ಚೀಟಿ ಅಂಟಿಸಿ ಕಳಿಸುವುದು.